ಗದ್ದೆ ಯಾಕೆ ಕಡಿಮೆಯಾಯ್ತು? ಬೈಲಿನಿಂದ ದೇಶದವರೆಗೆ ಕಾರಣ ಹುಡುಕುವ ಕ್ರಮ

ಉಡುಪಿ ಜಿಲ್ಲೆಯ ಬ್ರಹ್ಮಾವರ, ಕೋಟ ಕಡೆ ಗದ್ದೆ ಯಾಕೆ ಕಡಿಮೆಯಾಯ್ತು ಅಂತ ಯಾರನ್ನು ಕೇಳಿದರೂ ಉತ್ತರ ರೆಡಿ ಇರುತ್ತದೆ: ನಾಟಿಗೆ ಆಳು ಸಿಕ್ಕುವುದಿಲ್ಲ. ಸುಳ್ಳಲ್ಲ. ಆದರೆ ಇದೇ ಉತ್ತರವನ್ನು ಜಿಲ್ಲೆಗೆ, ರಾಜ್ಯಕ್ಕೆ ಅಂಟಿಸಿದರೆ ಲೆಕ್ಕ ಕೂಡಿ ಬರುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು. ಒಂಬತ್ತನೇ ಕ್ಲಾಸಿನವರಿಗೆ ಈ ಪ್ರಾಜೆಕ್ಟ್ ಕೊಡುವಾಗ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ಮಟ್ಟದ ಅಂಕಿ ಇಟ್ಟುಕೊಂಡಿದ್ದೀರೋ, ಕಾರಣವನ್ನೂ ಅದೇ ಮಟ್ಟದಲ್ಲಿ ಹುಡುಕಬೇಕು.

ಮೊದಲು, ಅಳೆಯುವುದು ಏನನ್ನು ಅಂತ ತೀರ್ಮಾನ ಮಾಡಿ. ಸರ್ಕಾರಿ ಲೆಕ್ಕದಲ್ಲಿ 'ನಿವ್ವಳ ಬಿತ್ತನೆ ಪ್ರದೇಶ' ಅಂತ ಒಂದಿದೆ, 'ಒಟ್ಟು ಬಿತ್ತನೆ ಪ್ರದೇಶ' ಅಂತ ಇನ್ನೊಂದಿದೆ. ಒಂದು ಎಕರೆಯಲ್ಲಿ ಮಳೆಗಾಲದ ಬೆಳೆ, ಅದರ ಮೇಲೆ ಸುಗ್ಗಿ (ಎರಡನೇ) ಬೆಳೆ ತೆಗೆದರೆ ನಿವ್ವಳ ಒಂದೇ ಎಕರೆ, ಒಟ್ಟು ಎರಡು. ಹಾಗಾಗಿ ಸುಗ್ಗಿ ಮಾತ್ರ ಬಿಟ್ಟದ್ದು ನಿವ್ವಳದಲ್ಲಿ ಕಾಣುವುದೇ ಇಲ್ಲ. ಗದ್ದೆಗೆ ಅಡಿಕೆ ಸಸಿ ಇಟ್ಟರೆ ಭತ್ತದ ಕಾಲಂ ಇಳಿಯುತ್ತದೆ, ನಿವ್ವಳ ಅಲ್ಲಾಡುವುದಿಲ್ಲ. ಹಡಿಲು ಬಿದ್ದದ್ದು, ಅಂದರೆ ಬೆಳೆ ಇಡದೆ ಬಿಟ್ಟದ್ದು, ಮೊದಲ ವರ್ಷ 'ಚಾಲ್ತಿ ಬೀಳು'. ಐದು ವರ್ಷ ದಾಟಿದರೆ 'ಸಾಗುವಳಿಗೆ ಯೋಗ್ಯವಾದ ಪಾಳು'. ಇವೆಲ್ಲ ವಾಪಸ್ ಗದ್ದೆಯಾಗಬಹುದು. ಮಣ್ಣು ತುಂಬಿಸಿ ಸೈಟ್ ಮಾಡಿದ್ದು ಆಗುವುದಿಲ್ಲ. ಈ ನಾಲ್ಕನ್ನೂ 'ಕೃಷಿ ಭೂಮಿ ಕಡಿಮೆಯಾಯ್ತು' ಎಂಬ ಒಂದೇ ಮಾತಿಗೆ ತುರುಕಿದ ಪ್ರಾಜೆಕ್ಟಿಗೆ ನಾನು ಅರ್ಧ ಮಾರ್ಕ್ಸ್ ಮಾತ್ರ ಕೊಡುತ್ತೇನೆ.

ಕೆಲಸ ಬೈಲಿನಿಂದ, ಅಂದರೆ ಒಂದಕ್ಕೊಂದು ತಾಗಿಕೊಂಡ ಗದ್ದೆಗಳ ಸಾಲಿನಿಂದ ಶುರು ಮಾಡಿ. ಇಡೀ ಊರು ಬೇಡ, ಒಂದೇ ಬೈಲು ಸಾಕು. ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ಗದ್ದೆಯಂಚಿನಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ತೆಗೆದು, ಬೆಳೆ ಕಾಲಂ ನೋಡಿ. ಅಲ್ಲಿ 'ಭತ್ತ' ಅಂತಿದ್ದು, ಕಣ್ಣೆದುರು ಮುಳ್ಳಿನ ಪೊದೆ ಇದ್ದರೆ ಆಶ್ಚರ್ಯ ಪಡಬೇಡಿ. ಎರಡನ್ನೂ ಬರೆದುಕೊಳ್ಳಿ.

ಯಾವಾಗ ಹೋಗಬೇಕು ಅನ್ನುವುದೂ ಮುಖ್ಯ. ಆಗಸ್ಟ್‌ನಲ್ಲಿ ನಟ್ಟ ಗದ್ದೆಯೂ ಹಸಿರು, ಹಡಿಲೂ ಹಸಿರು. ಅಕ್ಟೋಬರ್‌ನಲ್ಲಿ ಪೈರು ಹಳದಿಯಾದಾಗ ಹಡಿಲು ತಾನೇ ಎದ್ದು ಕಾಣುತ್ತದೆ. ಗೂಗಲ್ ಅರ್ಥ್‌ನ ಹಳೆಯ ಚಿತ್ರ ನೋಡುವಾಗಲೂ ಇದೇ ಕತೆ. ಬೇಸಿಗೆಯ ಚಿತ್ರದಲ್ಲಿ ಕೊಯ್ದ ಗದ್ದೆ ಬೋಳಾಗಿ, ಅಂಚು ಗೀಟು ಎಳೆದಂತೆ ಕಾಣುತ್ತದೆ. ಅಂಚು ಮಸುಕಾದಲ್ಲಿ ಅನುಮಾನ ಪಡಿ.

ಆಮೇಲೆ ಕೇಳಿ. ಆದರೆ 'ಯಾಕೆ ಬಿಟ್ರಿ' ಅಂತ ಕೇಳಿದರೆ ಮತ್ತೆ 'ಆಳಿಲ್ಲ' ಅಂತಲೇ ಬರುತ್ತದೆ. 'ಈ ಬೈಲಿನಲ್ಲಿ ಮೊದಲು ಬಿಟ್ಟದ್ದು ಯಾವ ಗದ್ದೆ' ಅಂತ ಕೇಳಿ. ಒಬ್ಬ ಅಜ್ಜಿ ಹೇಳಿದ್ದು: "ಮೇಲಿನ್ ಗದ್ದಿಯರ್ ಬಿಟ್ರ್ ಕಾಣಿ ಮಾಸ್ಟ್ರೇ. ನವ್ಲ್, ಹಂದಿ ಎಲ್ಲ ಈಗ ನಮ್ಮ್ ಗದ್ದಿಗೇ ಬಪ್ದ್." ರಸ್ತೆ ಬದಿಯ ಗದ್ದೆಗೆ ಮಣ್ಣು ಬಿದ್ದರೆ ಒಳಗಿನ ಗದ್ದೆಗೆ ಕಟಾವು ಯಂತ್ರ ಇಳಿಯಲು ದಾರಿಯಿಲ್ಲ. ನೀರು ಹೋಗುವ ತೋಡೂ ಕಟ್ಟಿಹೋಗುತ್ತದೆ. ಒಬ್ಬರು ಬಿಟ್ಟದ್ದೇ ಪಕ್ಕದವರಿಗೆ ಕಾರಣ. ಈ ಸರಪಳಿ ಯಾವ ಅಂಕಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಬಿಟ್ಟ ವರ್ಷವನ್ನು ನಕ್ಷೆಯ ಮೇಲೆ ಬರೆಯಿರಿ, ಅದು ಯಾವ ಕಡೆಯಿಂದ ಹರಡಿತು ಅಂತ ಗೊತ್ತಾಗುತ್ತದೆ.

ತಾಲೂಕಿನ ಮಟ್ಟಕ್ಕೆ ಬಂದರೆ ನವಿಲು, ಹಂದಿ ಹಿಂದೆ ಸರಿಯುತ್ತವೆ. ಇಲ್ಲಿ ರಸ್ತೆ ಮಾತಾಡುತ್ತದೆ. ಕುಂದಾಪುರ–ಸುರತ್ಕಲ್ ಹೆದ್ದಾರಿ ಅಗಲವಾದ ಮೇಲೆ ಎರಡೂ ಬದಿಯ ಗದ್ದೆಗೆ ಏನಾಯ್ತು ನೋಡಿ. ಹೆದ್ದಾರಿಯಿಂದ ದೂರದ ಒಂದು ಊರನ್ನೂ ಹೋಲಿಕೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸುಮ್ನೆ ರಸ್ತೆಯನ್ನು ಬೈದಂತಾಗುತ್ತದೆ. ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ನಿಂತ ಮೇಲೆ ಸುತ್ತಲಿನ ಕಬ್ಬಿಗೆ ನೆಲೆ ತಪ್ಪಿದ್ದೂ ಇದೇ ಮಟ್ಟದ ಕಾರಣ.

ಜಿಲ್ಲೆಯ ಅಂಕಿ ಹಿಡಿಯುವಾಗ ಗಡಿ ನೋಡಿಕೊಳ್ಳಿ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ 'ದಕ್ಷಿಣ ಕನ್ನಡ'ದಲ್ಲಿ ಉಡುಪಿಯೂ ಸೇರಿದೆ. ಗಡಿ ಬದಲಾದದ್ದನ್ನು ಗದ್ದೆ ನಾಶ ಅಂತ ಬರೆದುಬಿಡುವುದು ಬಹಳ ಸುಲಭ. ಕಾರಣಗಳು ಇಲ್ಲಿ ತಲೆಮಾರಿನವು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರಿಗೆ ಗದ್ದೆ ಸ್ವಂತವಾಯ್ತು. ಆಮೇಲೆ ಮಕ್ಕಳಲ್ಲಿ ಪಾಲಾಯ್ತು. ಪಾಲು ಪಡೆದವರಲ್ಲಿ ಎಷ್ಟೋ ಜನ ಮುಂಬೈ ಹೋಟೆಲುಗಳಲ್ಲಿ, ಗಲ್ಫ್‌ನಲ್ಲಿ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆಯಿತಲ್ವಾ? ಆ ವರ್ಷ ನಟ್ಟ ಗದ್ದೆಯನ್ನು ಮರುವರ್ಷವೂ ನಟ್ಟರಾ ಅಂತ ನೋಡದೆ ಏರಿಕೆ ಅಂತ ಬರೆಯಬೇಡಿ.

ರಾಜ್ಯದ ಮಟ್ಟದಲ್ಲಿ ಚಿತ್ರವೇ ಬೇರೆ. ಕರ್ನಾಟಕದ ಸುಮಾರು 190 ಲಕ್ಷ ಹೆಕ್ಟೇರಿನಲ್ಲಿ ನಿವ್ವಳ ಬಿತ್ತನೆ ಹೆಚ್ಚುಕಡಿಮೆ 100 ಲಕ್ಷ. ಅದರಲ್ಲಿ ಬಹುಪಾಲು ಬಯಲುಸೀಮೆಯ ಒಣ ಹೊಲ. ವರ್ಷ ವರ್ಷದ ಏರಿಳಿತ ನಡೆಸುವುದು ಅಲ್ಲಿನ ಮಳೆ. ನಮ್ಮ ಹಡಿಲು ಆ ಅಂಕಿಯಲ್ಲಿ ಮುಳುಗಿಹೋಗುತ್ತದೆ. ಬರದ ವರ್ಷವನ್ನು ಒಳ್ಳೆ ವರ್ಷಕ್ಕೆ ಹೋಲಿಸಬೇಡಿ, ಮೂರು ವರ್ಷದ ಸರಾಸರಿ ಹಾಕಿ. ಕಾನೂನೂ ಈ ಮಟ್ಟದ್ದೇ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಗದ್ದೆ ಹೋಯಿತು ಅಂತಲ್ಲ, ಭೂ ಪರಿವರ್ತನೆ ಆದೇಶ (ಕೃಷಿಯೇತರ ಬಳಕೆಗೆ ಅನುಮತಿ) ಆಗಿದೆಯಾ ನೋಡಿ.

ದೇಶದ ಅಂಕಿ ತೆಗೆದಾಗ ಮಕ್ಕಳು "ಕಡಿಮೆಯೇ ಆಗಿಲ್ವಲ್ಲ ಸಾರ್" ಅನ್ನುತ್ತಾರೆ. ನಿಜ. ಭಾರತದ ನಿವ್ವಳ ಬಿತ್ತನೆ 1950-51ರಲ್ಲಿ ಸುಮಾರು 11.9 ಕೋಟಿ ಹೆಕ್ಟೇರ್ ಇತ್ತು. 1970ರ ಹೊತ್ತಿಗೆ 14 ಕೋಟಿಗೆ ಏರಿತು, ಅಂದಿನಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ನೀರಾವರಿ, ಬೋರ್‌ವೆಲ್ ಬಂದದ್ದರಿಂದ ಏರಿದ್ದು ಒಟ್ಟು ಬಿತ್ತನೆ. ಇಷ್ಟು ದೊಡ್ಡ ಮಟ್ಟದಲ್ಲಿ ಬೈಲಿಗೆ ನೇರ ಬರುವ ಕಾರಣ ಒಂದಿದೆ: ಆಮದು ನೀತಿ. ಅಗ್ಗದ ಅಡಿಕೆ ಬರದಂತೆ ಕೇಂದ್ರ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಇಲ್ಲಿನ ಧಾರಣೆ ಬೀಳದಿದ್ದರೆ ಗದ್ದೆಗೆ ಅಡಿಕೆ ಇಡಲು ಮನಸ್ಸಾಗಬಹುದು. ಅಡಿಕೆ ಇಟ್ಟ ಗದ್ದೆಯ ಯಜಮಾನರನ್ನು ಮಾತಾಡಿಸುವಾಗ ಆಳಿನ ಜೊತೆ ಅಡಿಕೆ ಧಾರಣೆಯನ್ನೂ ಕೇಳಿ, ಸಸಿ ಇಟ್ಟ ವರ್ಷವನ್ನೂ ಕೇಳಿ. 2023ಕ್ಕಿಂತ ಮೊದಲೇ ಇಟ್ಟಿದ್ದರೆ ಆ ವರ್ಷದ ಏರಿಕೆಯನ್ನು ಕಾರಣಗಳಿಂದ ಹೊಡೆದುಹಾಕಿ.