ಜಿ31 ಬೋರ್ಡಿಗೆ ಝಡ್‌ರ‍್ಯಾಮ್ ಕೂರಿಸಿದ್ದು: ನನ್ನ ಅನುಭವ

ಕಾರವಾರದ ಬೈತಖೋಲ ಬಂದರಿನ ಹತ್ತಿರ ಬೋಟಿನ ಲೆಕ್ಕ ಬರೆಯುವ ಮೂರು ಹಳೇ ಕೋರ್ 2 ಡ್ಯುಯೋ ಕಂಪ್ಯೂಟರುಗಳನ್ನು (ಇಂಟೆಲ್ ಜಿ31 ಚಿಪ್‌ಸೆಟ್ಟಿನ ಮದರ್‌ಬೋರ್ಡ್) ಗುಜರಿಗೆ ಹಾಕಿ ಎಂದವರೇ ಹೆಚ್ಚು. ಈಗ ಅವುಗಳಲ್ಲಿ ಫೈರ್‌ಫಾಕ್ಸಿನ ಏಳೆಂಟು ಟ್ಯಾಬ್, ಜೊತೆಗೆ ಲಿಬ್ರೆಆಫೀಸ್ ಕ್ಯಾಲ್ಕ್ ದಿನವಿಡೀ ತೆರೆದೇ ಇರುತ್ತವೆ. ಸಿಸ್ಟಮ್ ಡೆಬಿಯನ್ ಲಿನಕ್ಸ್. ರ‍್ಯಾಮ್ ಸಾಲದಾಗ ಡೇಟಾ ಸರಿಸಿಡುವ ಜಾಗ ಸ್ವಾಪ್; ಅದನ್ನು ಡಿಸ್ಕಿನ ಬದಲು ರ‍್ಯಾಮಿನಲ್ಲೇ ಹಿಂಡಿ ಇಡುವ ಸೌಲಭ್ಯ ಝಡ್‌ರ‍್ಯಾಮ್.

ಮೊದಲು ದುಡ್ಡು ಹೋದದ್ದು ರ‍್ಯಾಮಿಗೆ. ಅಗ್ಗಕ್ಕೆ ಸಿಕ್ಕಿತೆಂದು ಡಿಡಿಆರ್2ನ 4 ಜಿಬಿ ಸ್ಟಿಕ್ ಎರಡು ತರಿಸಿದೆ, ಹೆಚ್ಚುಕಮ್ಮಿ 1,400 ರೂಪಾಯಿ ನೀರಿಗೆ ಬಿತ್ತು. ಅವು ಎಎಂಡಿ ಬೋರ್ಡಿಗಷ್ಟೇ ಆಗುವ ಮಾಲು. ಜಿ31ಗೆ ಒಟ್ಟು 4 ಜಿಬಿಯೇ ಮಿತಿ, ಸ್ಲಾಟಿಗೆ 2. ಆಮೇಲೆ 2 ಜಿಬಿಯ ಹಳೇ ಸ್ಟಿಕ್ಕುಗಳನ್ನು ಒಂದಕ್ಕೆ 300ರ ಆಸುಪಾಸಿನಲ್ಲಿ ತಂದೆ. ಒಂದು ಬೋರ್ಡಿನ ಸ್ಲಾಟ್ ತುಕ್ಕು ತಿಂದಿತ್ತು, ಅದು 2 ಜಿಬಿಯಲ್ಲೇ ಉಳಿಯಿತು.

ಕಾರವಾರದ ಉಪ್ಪುಗಾಳಿಯಲ್ಲಿ ಸೆಟ್ಟಿಂಗಿಗಿಂತ ಮುಂಚೆ ಸ್ಟಿಕ್ ಬಿಚ್ಚಿ ನೋಡಲೇಬೇಕು. ಮಳೆಗಾಲ ಕಳೆಯುವಷ್ಟರಲ್ಲಿ ಹೊಂಬಣ್ಣದ ಪಟ್ಟಿಗಳ ಮೇಲೆ ಕಂದು ಚುಕ್ಕೆ ಕೂತಿರುತ್ತದೆ. ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರಾಗಿ ಉಜ್ಜಿ, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಚ್ಚಿ ಒರೆಸಿ. ಮರಳುಕಾಗದ ಮುಟ್ಟಿಸಬೇಡಿ, ಚಿನ್ನದ ಲೇಪವೇ ಎದ್ದುಹೋಗುತ್ತದೆ. ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಚ್ಚಿಡಿ. ಒಂದು ಎರರ್ ಬಂದರೂ ಮುಂದಿನದೆಲ್ಲ ವ್ಯರ್ಥ.

ಝಡ್‌ರ‍್ಯಾಮ್-ಟೂಲ್ಸ್ ಪ್ಯಾಕೇಜ್ ಹಾಕಿ ಪರ್ಸೆಂಟ್ 50 (ರ‍್ಯಾಮಿನ ಅರ್ಧದಷ್ಟು), ಅಲ್ಗೋ (ಹಿಂಡುವ ವಿಧಾನ) ಎಲ್‌ಝಡ್4, ಪ್ರಯಾರಿಟಿ 100 (ಡಿಸ್ಕಿನ ಸ್ವಾಪಿಗಿಂತ ಮೊದಲು ಇದು ಬಳಕೆಯಾಗಲೆಂದು) ಕೊಟ್ಟೆ. ಝಡ್‌ಎಸ್‌ಟಿಡಿ ಇನ್ನೂ ಚೆನ್ನಾಗಿ ಹಿಂಡುತ್ತದೆ, ಆದರೆ ಈ ಸಿಪಿಯುಗೆ ಭಾರ. ಟ್ಯಾಬ್ ಬದಲಿಸುವಾಗ ತಡವರಿಸುತ್ತಿತ್ತು. ಮೊದಲ ವಾರ ಏನೂ ಸುಧಾರಿಸಲಿಲ್ಲ. ಹುಡುಕಿದರೆ, ಹಿಂದೆ ನಾನೇ ಬೂಟ್‌ಲೋಡರ್ ಗ್ರಬ್‌ನಲ್ಲಿ ಆನ್ ಮಾಡಿದ್ದ ಝಡ್‌ಸ್ವಾಪ್ ಇನ್ನೂ ಓಡುತ್ತಿತ್ತು. ಅದೂ ಹಿಂಡಿಡುವ ಸೌಲಭ್ಯವೇ, ಸ್ವಾಪಿಗೆ ಹೋಗುವ ಪೇಜುಗಳನ್ನು (ಮೆಮೊರಿ ತುಣುಕುಗಳನ್ನು) ಮುಂದೆ ನಿಂತು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ತೆಗೆದ ಮೇಲೆ ಝಡ್‌ರ‍್ಯಾಮ್‌ಸಿಟಿಎಲ್ ಕಮಾಂಡ್ ತೋರಿಸಿದ್ದು: 900 ಎಂಬಿ ಡೇಟಾ ಸುಮಾರು 300 ಎಂಬಿಯಲ್ಲಿ.

ಎಲ್ಲರೂ ತಕರಾರು ತೆಗೆದದ್ದು ಸ್ವಾಪಿನೆಸ್ ವಿಷಯಕ್ಕೆ, ಅಂದರೆ ಕರ್ನಲ್ (ಲಿನಕ್ಸಿನ ತಿರುಳು) ಸ್ವಾಪಿನತ್ತ ಎಷ್ಟು ವಾಲಬೇಕೆನ್ನುವ ಅಂಕಿ. 10 ಇಡಿ ಎನ್ನುವ ಮಾತು ಡಿಸ್ಕಿನ ಸ್ವಾಪಿಗೆ ಸರಿ. ಝಡ್‌ರ‍್ಯಾಮ್ ಇದ್ದಾಗ 10 ಇಟ್ಟರೆ ಕರ್ನಲ್ ಮೊದಲು ಫೈಲ್ ಕ್ಯಾಶನ್ನೇ (ಡಿಸ್ಕಿನಿಂದ ಓದಿ ರ‍್ಯಾಮಿನಲ್ಲಿಟ್ಟದ್ದನ್ನೇ) ಎಸೆಯುತ್ತದೆ. ಪ್ರೋಗ್ರಾಮಿನ ತುಣುಕುಗಳನ್ನು ಹಳೇ ಹಾರ್ಡ್‌ಡಿಸ್ಕಿನಿಂದ ಮತ್ತೆಮತ್ತೆ ಓದಬೇಕು, ಡಿಸ್ಕಿನ ಕೆಂಪು ದೀಪ ಆರುವುದೇ ಇಲ್ಲ. ನಾನು 100 ಇಟ್ಟೆ, ಪೇಜ್-ಕ್ಲಸ್ಟರನ್ನು (ಸ್ವಾಪಿನಿಂದ ಒಂದೇ ಸಲಕ್ಕೆ ಎಷ್ಟು ಪೇಜು ಓದಬೇಕೆನ್ನುವುದನ್ನು) 3ರಿಂದ 0ಗೆ ಇಳಿಸಿದೆ, ವಿಎಫ್‌ಎಸ್ ಕ್ಯಾಶ್ ಪ್ರೆಷರ್ (ಫೈಲುಗಳ ವಿವರದ ಕ್ಯಾಶನ್ನು ಎಷ್ಟು ಬೇಗ ಬಿಡಬೇಕೆನ್ನುವುದು) 50. ದೀಪ ಆರಿತು.

ಹತ್ತು ನಿಮಿಷಕ್ಕೊಮ್ಮೆ ಕ್ಯಾಶ್ ಖಾಲಿ ಮಾಡುವ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ಕೂಡ ಹಾಕಿ ನೋಡಿದ್ದೇನೆ. ಮೆಮೊರಿ ತೋರಿಸುವ ಫ್ರೀ ಕಮಾಂಡಿನಲ್ಲಿ ‘ಫ್ರೀ’ ಅಂಕಣ ದೊಡ್ಡದಾಗುತ್ತದೆ ಅಷ್ಟೇ. ಆರು ಸೆಕೆಂಡಿಗೆ ಏಳುತ್ತಿದ್ದ ಕ್ಯಾಲ್ಕ್ ಇಪ್ಪತ್ತು ತೆಗೆದುಕೊಂಡಿತು. ನೋಡಬೇಕಾದ್ದು ಅವೈಲಬಲ್ ಅಂಕಣ. ಫೈರ್‌ಫಾಕ್ಸ್ ಕ್ಯಾಶನ್ನು ಟಿಎಂಪಿಎಫ್‌ಎಸ್‌ಗೆ (ರ‍್ಯಾಮಿನಲ್ಲೇ ಇರುವ ಫೋಲ್ಡರಿಗೆ) ಹಾಕಿದ್ದು 4 ಜಿಬಿಯಲ್ಲಿ ನಡೆಯಿತು, 2 ಜಿಬಿಯಲ್ಲಿ ಕೈಕೊಟ್ಟಿತು: ಜೆಪೆಗ್ ಚಿತ್ರಗಳು ಮೊದಲೇ ಹಿಂಡಿದವು, ಝಡ್‌ರ‍್ಯಾಮ್ ಅವನ್ನು ಇನ್ನೆಷ್ಟು ಹಿಂಡೀತು? ಆ 2 ಜಿಬಿಯದನ್ನು ಎತ್ತಿ ನಿಲ್ಲಿಸಿದ್ದು ಫೈರ್‌ಫಾಕ್ಸ್ ಒಳಗಿನ ಇನ್ನೊಂದು ಸೆಟ್ಟಿಂಗ್. ಅದು ಸದ್ಯ ನನ್ನಲ್ಲೇ ಇರಲಿ.

ಡಿಸ್ಕಿನ 1 ಜಿಬಿ ಸ್ವಾಪನ್ನು ಮಾತ್ರ ಅಳಿಸಬೇಡಿ, ಕಡಿಮೆ ಪ್ರಯಾರಿಟಿಯಲ್ಲಿ ಹಿಂದೆ ಇರಲಿ. ಝಡ್‌ರ‍್ಯಾಮ್ ತುಂಬಿದ ದಿನ ಅದಿಲ್ಲದಿದ್ದರೆ, ಸೇವ್ ಮಾಡದ ಲೆಕ್ಕದ ಸಮೇತ ಕ್ಯಾಲ್ಕನ್ನು ಕರ್ನಲ್ ಮುಗಿಸಿಬಿಡಬಹುದು.