ಹೈಸ್ಕೂಲಲ್ಲಿದ್ದಾಗ್ಲೇ ಕಂಪ್ಯೂಟರ್ ಸೈನ್ಸ್ ಕಾಲೇಜ್ ಕ್ರೆಡಿಟ್: ಅಮೆರಿಕದಲ್ಲಿ ಓದ್ತಿರೋ ಮಕ್ಕಳಿಗೆ

ಅಮೆರಿಕದಲ್ಲಿ 9ರಿಂದ 12ನೇ ಕ್ಲಾಸ್ ತನಕ ಹೈಸ್ಕೂಲು, ನಮ್ಮ ಪಿಯುಸಿನೂ ಅದರೊಳಗೇ ಬಂತು ಅನ್ಕೊಳ್ಳಿ. ಈ ನಾಲ್ಕು ವರ್ಷದಲ್ಲೇ ಡಿಗ್ರಿ ಲೆಕ್ಕಕ್ಕೆ ಬರೋ ಕ್ರೆಡಿಟ್ ಸಂಪಾದಿಸ್ಬಹುದು, ಎಪಿ ಅಂದ್ರೆ ಅಡ್ವಾನ್ಸ್ಡ್ ಪ್ಲೇಸ್ಮೆಂಟ್ ಅನ್ನೋ ಕಾಲೇಜ್ ಮಟ್ಟದ ಪರೀಕ್ಷೆ ಬರೆದು, ಇಲ್ಲಾ ಡ್ಯುಯಲ್ ಎನ್ರೋಲ್ಮೆಂಟ್ ಅಂದ್ರೆ ಹೈಸ್ಕೂಲ್ ಜೊತೆಗೇ ಕಾಲೇಜ್ ಕ್ಲಾಸ್ ತಗೊಂಡು.

ಕೋರ್ಸ್ ಆರಿಸೋಕೆ ಮುಂಚೆ ಮಾಡೋ ಕೆಲಸ ಒಂದಿದೆ, ತುಂಬಾ ಜನ ಇದನ್ನೇ ಬಿಟ್ಬಿಡ್ತಾರೆ. ಮಕ್ಕಳು ಸೇರ್ಬೇಕು ಅಂತಿರೋ ನಾಲ್ಕೈದು ಕಾಲೇಜ್ ಹೆಸರು ಬರ್ಕೊಂಡು, ಎಪಿ ಪರೀಕ್ಷೆ ನಡೆಸೋ ಕಾಲೇಜ್ ಬೋರ್ಡ್ ಸಂಸ್ಥೆಯ ವೆಬ್‌ಸೈಟಲ್ಲಿ ಎಪಿ ಕ್ರೆಡಿಟ್ ಪಾಲಿಸಿ ಹುಡುಕೋ ಪುಟದಲ್ಲಿ ಒಂದೊಂದೇ ಹಾಕಿ ನೋಡಿ. ಪರೀಕ್ಷೇಲಿ 5ಕ್ಕೆ 3 ಬಂದ್ರೆ ಸಾಕು ಅಂತ ಹೇಳ್ತಾರೆ, ಆದ್ರೆ ಎಷ್ಟೋ ಕಡೆ 4 ಇಲ್ಲಾ 5 ಬೇಕು, ಕೆಲವು ಕಡೆ ಕ್ರೆಡಿಟ್ ಸಿಕ್ಕಿದ್ರೂ ಬರೀ ಎಲೆಕ್ಟಿವ್‌ಗೆ (ಐಚ್ಛಿಕ ವಿಷಯಕ್ಕೆ) ಹೋಗುತ್ತೆ, ಮೇಜರ್‌ಗೆ (ಡಿಗ್ರಿಯ ಮುಖ್ಯ ವಿಷಯಕ್ಕೆ) ಸೇರಲ್ಲ.

ಎಪಿಯಲ್ಲಿ ಕಂಪ್ಯೂಟರ್ ಸೈನ್ಸಿಗೆ ಎರಡು ಪೇಪರ್. ಕಂಪ್ಯೂಟರ್ ಸೈನ್ಸ್ ಎ ಪೂರ್ತಿ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ, ಆಯ್ಕೆ ಪ್ರಶ್ನೆ ಜೊತೆಗೆ ನಾಲ್ಕು ಪ್ರಶ್ನೆಗೆ ಕೋಡ್ ಬರೀಬೇಕು. ಇನ್ನೊಂದು, ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್, ಸ್ವಲ್ಪ ಹಗುರ, ಇಂಟರ್ನೆಟ್, ಡೇಟಾ, ಅಲ್ಗಾರಿದಮ್ ಎಲ್ಲಾ ಬರುತ್ತೆ, ಸ್ವಂತ ಪ್ರೋಗ್ರಾಂ ಮಾಡೋ ಕ್ರಿಯೇಟ್ ಟಾಸ್ಕಿಗೆ ಸ್ಕೋರಿನ 30 ಪರ್ಸೆಂಟ್. ಕಂಪ್ಯೂಟರ್ ಸೈನ್ಸೇ ಮೇಜರ್ ಅನ್ನೋ ಮಕ್ಕಳಿಗೆ ನಾನು ಎ ಪೇಪರ್ರೇ ಹೇಳೋದು. ಪರೀಕ್ಷೆ ಮೇ ತಿಂಗಳಲ್ಲಿ, ಆದ್ರೆ ಹೆಸರು ಕೊಡೋದು ಹಿಂದಿನ ನವೆಂಬರೊಳಗೇ ಆಗ್ಬೇಕು, ಅದಕ್ಕೇ ಸ್ಕೂಲ್ ಶುರುವಾದ ವಾರನೇ ಕೌನ್ಸೆಲರ್ ಹತ್ರ ಮಾತಾಡಿ. ನಿಮ್ಮ ಸ್ಕೂಲಲ್ಲಿ ಎ ಕ್ಲಾಸ್ ಇಲ್ವಾ? ಮನೇಲೇ ಓದ್ಕೊಂಡು ಪರೀಕ್ಷೆ ಮಾತ್ರ ಬರೀಬಹುದು, ಹೊರಗಿನ ಮಕ್ಕಳನ್ನ ಕೂರಿಸ್ಕೊಳ್ಳೋ ಸ್ಕೂಲ್ ಹುಡುಕ್ಬೇಕು ಅಷ್ಟೆ.

ಡ್ಯುಯಲ್ ಎನ್ರೋಲ್ಮೆಂಟ್ ಅಂದ್ರೆ ಹತ್ತಿರದ ಕಮ್ಯುನಿಟಿ ಕಾಲೇಜಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ನಿಜವಾದ ಕಾಲೇಜ್ ಕ್ಲಾಸೇ ತಗೊಳ್ಳೋದು. ಕ್ಯಾಲಿಫೋರ್ನಿಯಾದಲ್ಲಿ ನಮ್ಮೋರು ತುಂಬಾ ಇರೋ ಕುಪರ್ಟಿನೋದಲ್ಲಿ ಡಿ ಆಂಝಾ ಇದೆ, ಫ್ರೀಮಾಂಟಲ್ಲಿ ಓಲೋನಿ ಇದೆ. ಆನ್‌ಲೈನ್ ಅರ್ಜಿ ಹಾಕಿ, ಹೈಸ್ಕೂಲ್ ಒಪ್ಪಿಗೆ ಫಾರಂಗೆ ಸಹಿ ಹಾಕಿಸಿ, ಆಮೇಲೆ ಕ್ಲಾಸ್ ರಿಜಿಸ್ಟರ್ ಮಾಡಿ, ಸೀಟು ಬೇಗ ಖಾಲಿಯಾಗುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಸಾಮಾನ್ಯವಾಗಿ ಮನ್ನಾ, ಪುಸ್ತಕ ನಮ್ಮದು. ಆ ಕ್ಲಾಸ್ ಅಲ್ಲಿನ ಯಾವ ಯೂನಿವರ್ಸಿಟೀಲಿ ಯಾವುದಕ್ಕೆ ಸಮ ಅಂತ ಅಸಿಸ್ಟ್ ಅನ್ನೋ ಸೈಟಲ್ಲಿ ಸಿಗುತ್ತೆ.

ಇಲ್ಲೊಂದು ಮಾತು ಗಮನ ಇಟ್ಟು ಓದಿ. ಎಪಿ ಸ್ಕೋರ್ ಚೆನ್ನಾಗಿ ಬರ್ಲಿಲ್ಲ ಅಂದ್ರೆ ಹೆಚ್ಚಿನ ಕಡೆ ಕಳಿಸದೇ ಇರಬಹುದು, ಆದ್ರೆ ಕಾಲೇಜ್ ಕ್ಲಾಸಲ್ಲಿ ಬಂದ ಗ್ರೇಡ್ ಕಾಲೇಜ್ ಟ್ರಾನ್ಸ್‌ಕ್ರಿಪ್ಟಲ್ಲಿ (ಅಂಕಪಟ್ಟಿಯಲ್ಲಿ) ಹಾಗೇ ಉಳಿಯುತ್ತೆ. ಮೇಲಾಗಿ ಅಲ್ಲಿ ನಿಮ್ಮ ಮಗ ಮಗಳು ಕಾಲೇಜ್ ವಿದ್ಯಾರ್ಥಿ, ಹೇಗೆ ಓದ್ತಿದಾನೆ ಅಂತ ಅಪ್ಪ ಅಮ್ಮ ಫೋನ್ ಮಾಡಿದ್ರೆ ಪ್ರೊಫೆಸರ್ ಸಾಮಾನ್ಯವಾಗಿ ಹೇಳಲ್ಲ, ಕೇಳೋದೆಲ್ಲಾ ಮಕ್ಕಳೇ ಕೇಳ್ಬೇಕು. ಕಷ್ಟ ಆಗ್ತಿದೆ ಅನ್ಸಿದ್ರೆ ಡ್ರಾಪ್ ಮಾಡೋ ಕೊನೆ ದಿನ ದಾಟೋಕೆ ಬಿಡ್ಬೇಡಿ.

ಕೊನೇ ಹೆಜ್ಜೆ, ಸೀಟು ಸಿಕ್ಕಿದ್ಮೇಲೆ ಎಪಿ ಸ್ಕೋರನ್ನ ಕಾಲೇಜ್ ಬೋರ್ಡಿಂದಲೂ, ಟ್ರಾನ್ಸ್‌ಕ್ರಿಪ್ಟನ್ನ ಕಮ್ಯುನಿಟಿ ಕಾಲೇಜಿಂದಲೂ ನೀವೇ ಕೇಳಿ ಕಳಿಸ್ಬೇಕು, ತಾನಾಗೇ ಹೋಗಲ್ಲ.