ಹಳೆಯ ಸೆಂಚೂರಿಯನ್ ಕಿಟ್ ಅನ್ನು ಅಳತೆಗೆ ತಂದ ಬಗೆ

ಮೋಟಾರು ಮತ್ತು ಬ್ಯಾಟರಿ ಹಾಕಿ ನೆಲದ ಮೇಲೆ ಓಡಿಸಲೆಂದು ರೂಪಿಸಿದ ಹಳೆಯ ಟ್ಯಾಂಕ್ ಕಿಟ್‌ಗಳನ್ನು, ಅಂದರೆ ಬಿಡಿಭಾಗ ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾಡೆಲ್‌ಗಳನ್ನು, ದೂರದಿಂದ ನೋಡಿದರೆ ಅದು ಯಾವ ಟ್ಯಾಂಕ್ ಎಂಬುದರಲ್ಲಿ ಅನುಮಾನ ಬರುವುದಿಲ್ಲ. ಹತ್ತಿರ ಹೋದಂತೆ ಆಟಿಕೆಯ ಗುಣ ಕಾಣತೊಡಗುತ್ತದೆ. ನನ್ನ ಕೈಗೆ ಬಂದ 1/35 ಪ್ರಮಾಣದ (ನಿಜದ ಮೂವತ್ತೈದನೇ ಒಂದು ಭಾಗದಷ್ಟಿರುವ) ಸೆಂಚೂರಿಯನ್ ಎಂಬ ಬ್ರಿಟಿಷ್ ಟ್ಯಾಂಕಿನ ಕಿಟ್ ಅಂಥದ್ದೇ. ಹೊಸ ಅಚ್ಚಿನ ಕಿಟ್‌ಗಳು ಈಗ ಸಿಗುತ್ತವೆಯಾದರೂ ಅವುಗಳ ಬೆಲೆ ಹೆಚ್ಚು, ಬಿಡಿಭಾಗಗಳೂ ವಿಪರೀತ. ಕಲಬುರಗಿಯಲ್ಲಿದ್ದು ಈ ಹವ್ಯಾಸ ನಡೆಸುವವನು ಸಾಮಗ್ರಿಯನ್ನು ಪಾರ್ಸೆಲ್‌ನಲ್ಲಿ ತರಿಸಬೇಕು, ಇಲ್ಲವೇ ಲೇತ್ ಅಂಗಡಿ, ಮುದ್ರಣಾಲಯ, ಮೋಟಾರ್ ವೈಂಡಿಂಗ್ ಮಾಡುವವರ ಬಳಿ ಹುಡುಕಿಕೊಳ್ಳಬೇಕು. ನಾನು ಹೆಚ್ಚಾಗಿ ಹಿಡಿದದ್ದು ಎರಡನೆಯ ದಾರಿ.

ಕತ್ತರಿ ಹಿಡಿಯುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿಯಬೇಕು. ನಿಜವಾದ ಸೆಂಚೂರಿಯನ್‌ನ ಅಗಲ 3.39 ಮೀಟರ್, ಎತ್ತರ ಸುಮಾರು 3.01 ಮೀಟರ್, ಚಕ್ರಗಳನ್ನು ಸುತ್ತುವ ಪಟ್ಟಿಯಾದ ಟ್ರ್ಯಾಕ್‌ನ ಅಗಲ 61 ಸೆಂಟಿಮೀಟರ್. ಇವುಗಳನ್ನು 35ರಿಂದ ಭಾಗಿಸಿದರೆ ಕ್ರಮವಾಗಿ 96.9, 86 ಮತ್ತು 17.4 ಮಿಲಿಮೀಟರ್ ಬರುತ್ತದೆ. (ಮನೆಗೆ ಬಂದವರಿಗೆ ಪ್ರಮಾಣ ಎಂದರೇನೆಂದು ವಿವರಿಸಲು ನಾನು ನಮ್ಮ ಕೋಟೆಯ ಬಾರಾ ಗಜಿ ತೋಪನ್ನೇ ಬಳಸುತ್ತೇನೆ: 29 ಅಡಿ ಉದ್ದವೆಂದು ಹೇಳುವ ಆ ತೋಪು ಈ ಲೆಕ್ಕದಲ್ಲಿ 25 ಸೆಂಟಿಮೀಟರ್ ಆಗಿ ಮೇಜಿನ ಮೇಲೆ ಹಿಡಿಸುತ್ತದೆ.) ನನ್ನ ಕಿಟ್‌ನಲ್ಲಿ ಅಗಲ ಬಹುಮಟ್ಟಿಗೆ ಸರಿಯಿತ್ತು, ಎತ್ತರ ಮಾತ್ರ ಮೀರಿತ್ತು. ಕಾರಣ ಹುಡುಕಿದಾಗ ದೋಷ ಟರೆಟ್‌ನಲ್ಲಿ, ಅಂದರೆ ತೋಪು ಹೊತ್ತು ತಿರುಗುವ ಗೋಪುರದಲ್ಲಿ, ಇರಲಿಲ್ಲ. ಹಲ್, ಅಂದರೆ ಟ್ಯಾಂಕಿನ ಕೆಳಗಿನ ಒಡಲು, ತನ್ನ ಚಕ್ರಗಳ ಮೇಲೆ ತೀರ ಎತ್ತರದಲ್ಲಿ ನಿಂತಿತ್ತು. ಐವತ್ತು ಟನ್ನಿಗೂ ಮಿಕ್ಕಿದ ಭಾರ ಹೊತ್ತ ವಾಹನ ಸ್ಪ್ರಿಂಗುಗಳನ್ನು ಅದುಮಿಕೊಂಡು ಕೂತಿರುತ್ತದೆ, ಪ್ಲಾಸ್ಟಿಕ್ಕಿಗೆ ಆ ಭಾರವಿಲ್ಲ. ಸೆಂಚೂರಿಯನ್‌ನ ಹಾರ್ಸ್ಟ್‌ಮನ್ ಸಸ್ಪೆನ್ಷನ್‌ನಲ್ಲಿ ಪ್ರತಿ ಬದಿಯ ಆರು ಚಕ್ರಗಳು ಎರಡೆರಡರಂತೆ ಮೂರು ಜೋಡಿಗಳಾಗಿ ಹಲ್‌ನ ಹೊರಬದಿಗೆ ಬೋಲ್ಟ್ ಆಗಿರುವುದರಿಂದ ಈ ತಿದ್ದುಪಡಿ ಸುಲಭ: ಜೋಡಿಸುವ ಗೂಟಗಳನ್ನು ಕತ್ತರಿಸಿ ತೆಗೆದು, ಮೂರು ಜೋಡಿಗಳನ್ನೂ ಒಂದೇ ರೇಖೆಯಲ್ಲಿ ತುಸು ಮೇಲಕ್ಕೆ ಏರಿಸಿ ಅಂಟಿಸಿದೆ. ಇಡೀ ಮಾಡೆಲ್‌ನ ನಿಲುವು ಅಷ್ಟರಿಂದಲೇ ಬದಲಾಯಿತು.

ನಿಖರತೆ ಎಂದಾಗ ಯಾವ ವಾಹನಕ್ಕೆ, ಯಾವ ವರ್ಷಕ್ಕೆ ನಿಖರ ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು. ನಾನು ಆರಿಸಿಕೊಂಡದ್ದು ಭಾರತ-ಪಾಕಿಸ್ತಾನ ಯುದ್ಧದ ವೇಳೆ 1965ರ ಸೆಪ್ಟೆಂಬರಿನ ಅಸಲ್ ಉತ್ತರ್ ಕಾಳಗದಲ್ಲಿ ಪಾಲ್ಗೊಂಡ, ನಮ್ಮ ಸೇನೆಯ 3ನೇ ಕ್ಯಾವಲ್ರಿ ರೆಜಿಮೆಂಟಿನ ಸೆಂಚೂರಿಯನ್. ಅದೇ ಕಾಳಗದಲ್ಲಿ ಡೆಕ್ಕನ್ ಹಾರ್ಸ್ ಕೂಡ ಇತ್ತು. ನಿಜಾಮರ ಕಾಲದ ಅಶ್ವದಳದಿಂದ ಬೆಳೆದು ಬಂದ ಆ ರೆಜಿಮೆಂಟ್ ನಮ್ಮ ಭಾಗದವರಿಗೆ ಹೆಚ್ಚು ಆಪ್ತವೆನ್ನಿಸಬಹುದು, ಆದರೆ ಅಂದು ಅದರ ಬಳಿ ಇದ್ದದ್ದು ಶರ್ಮನ್ ಟ್ಯಾಂಕುಗಳು, ನನ್ನ ಪೆಟ್ಟಿಗೆಯಲ್ಲಿದ್ದದ್ದು ಸೆಂಚೂರಿಯನ್. ವರ್ಷ ನಿರ್ಧಾರವಾದ ಮೇಲೆ ತೋಪೂ ನಿರ್ಧಾರವಾಯಿತು: 20 ಪೌಂಡರ್, ಅಂದರೆ ಸುಮಾರು 84 ಮಿಲಿಮೀಟರ್ ವ್ಯಾಸದ ಬಾಯಿ. ನಂತರದ ಕಾಲದ 105 ಮಿಲಿಮೀಟರ್ ತೋಪನ್ನು ಇದರ ಮೇಲೆ ಕೂರಿಸಿ 1965 ಎಂದು ಚೀಟಿ ಅಂಟಿಸಿದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಫೋಟೋಗಳು ಆಕಾರ ತಿಳಿಸುತ್ತವೆ, ಮೇಲ್ಮೈಯನ್ನು ತಿಳಿಸುವುದಿಲ್ಲ. ಅದಕ್ಕಾಗಿ ಸೊಲ್ಲಾಪುರ, ದೌಂಡ್ ಮಾರ್ಗವಾಗಿ ಅಹ್ಮದ್‌ನಗರಕ್ಕೆ, ಅಂದರೆ ಇಂದಿನ ಅಹಿಲ್ಯಾನಗರಕ್ಕೆ ಹೋಗಿ ಅಲ್ಲಿನ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ನೋಡಿ ಬಂದೆ. ಸೆಂಚೂರಿಯನ್‌ನ ಪಕ್ಕದಲ್ಲಿ ನಿಂತು ನೋಡಿದಾಗ ಮೊದಲು ಗಮನಕ್ಕೆ ಬರುವುದು ಎರಡು ಬಗೆಯ ಉಕ್ಕು. ಟರೆಟ್‌ನ ಮುಂಭಾಗ ಮತ್ತು ಬದಿಗಳು ಎರಕದವು, ಅವುಗಳ ಮೈ ಹಲವು ಸಲ ಸುಣ್ಣ ಬಳಿದ ಗೋಡೆಯಂತೆ ಒರಟು. ಟರೆಟ್‌ನ ಛಾವಣಿ ಮಾತ್ರ ರೋಲಿಂಗ್ ಮಿಲ್ಲಿನಿಂದ ಬಂದ ಫಲಕವನ್ನು ಬೆಸೆದದ್ದು, ಅದು ನುಣುಪು. ಹಲ್ ಪೂರ್ತಿ ಫಲಕಗಳನ್ನು ಬೆಸೆದು ಕಟ್ಟಿದ್ದು, ಅಲ್ಲಿ ಎರಕದ ಒರಟುತನಕ್ಕೆ ಜಾಗವೇ ಇಲ್ಲ. ಕಿಟ್‌ನಲ್ಲಿ ಇವೆಲ್ಲವೂ ಒಂದೇ ನುಣುಪು. ಹವ್ಯಾಸಿಗಳಲ್ಲಿ ಅನೇಕರು ಇದನ್ನು ತಿದ್ದುವ ಉತ್ಸಾಹದಲ್ಲಿ ಇಡೀ ಟ್ಯಾಂಕಿಗೆ ಒರಟುತನ ಬಳಿಯುತ್ತಾರೆ. ಅದು ಏನೂ ಮಾಡದೆ ಬಿಡುವುದಕ್ಕಿಂತ ದೊಡ್ಡ ತಪ್ಪೆಂದು ನನ್ನ ಎಣಿಕೆ.

ಟರೆಟ್‌ಗೆ ನಾನು ಮಾಡಿದ್ದು ಇಷ್ಟು. ಕಾರುಗಳಿಗೆ ಬಳಸುವ ಪುಟ್ಟಿಯನ್ನು ಥಿನ್ನರ್‌ನಲ್ಲಿ ಮೊಸರಿನ ಹದಕ್ಕಿಂತ ತೆಳ್ಳಗೆ ಕಲಸಿ, ಕೂದಲು ಮೋಟಾಗಿ ಕತ್ತರಿಸಿದ ಬ್ರಶ್‌ನಿಂದ ಲಂಬವಾಗಿ ಕುಟ್ಟುತ್ತ ಹಚ್ಚಿದೆ. ಛಾವಣಿಯ ಅಂಚಿಗೆ ಟೇಪ್ ಅಂಟಿಸಿ ಅದನ್ನು ಕಾಪಾಡಿಕೊಂಡೆ. ಒಣಗಿದ ಮೇಲೆ ಸಣ್ಣ ಎಮರಿ ಕಾಗದದಿಂದ ಹಗುರಾಗಿ ಉಜ್ಜಿ ಶಿಖರಗಳನ್ನಷ್ಟೇ ತೆಗೆದೆ. ಹಸಿಯಾಗಿದ್ದಾಗ ಸರಿಯೆನ್ನಿಸುವ ಒರಟುತನ ಬಣ್ಣ ಬಿದ್ದ ಮೇಲೆ ಅತಿಯಾಗಿ ಕಾಣುವುದರಿಂದ ಸಾಕೆನ್ನಿಸಿದ ಮೇಲೂ ಇನ್ನಷ್ಟು ಉಜ್ಜುವುದು ಒಳ್ಳೆಯದು. ಛಾವಣಿ ಮತ್ತು ಎರಕ ಕೂಡುವಲ್ಲಿ ಬೆಸುಗೆಯ ಗೆರೆ ಬೇಕು. ಸ್ಪ್ರೂವನ್ನು (ಕಿಟ್‌ನ ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನು) ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದು ತೆಗೆದ ಎಳೆಯನ್ನು ಸಂದಿನಲ್ಲಿ ಕೂರಿಸಿ, ದ್ರವ ಸಿಮೆಂಟ್‌ನಿಂದ ಮೆತ್ತಗಾಗಿಸಿ, ಬ್ಲೇಡಿನ ಬೆನ್ನಿನಿಂದ ಹತ್ತಿರ ಹತ್ತಿರ ಒತ್ತುತ್ತ ಹೋದರೆ ಅದು ಸಿದ್ಧ.

ಹಲ್‌ನ ತಳದಲ್ಲಿ ಸ್ವಿಚ್ಚಿನ ಸೀಳು, ಸ್ಕ್ರೂ ತೂತುಗಳು, ಗೇರ್‌ಬಾಕ್ಸ್‌ನ ಕಿಂಡಿಗಳು ಇದ್ದವು. ದೊಡ್ಡವಕ್ಕೆ ಒಳಗಿನಿಂದ ಪ್ಲಾಸ್ಟಿಕ್ ಕಾರ್ಡ್ ಕೊಟ್ಟು, ಉಳಿದವನ್ನು ಸೂಪರ್ ಗ್ಲೂ ಮತ್ತು ಟಾಲ್ಕಂ ಪೌಡರ್ ಮಿಶ್ರಣದಿಂದ ತುಂಬಿದೆ. ಈ ಮಿಶ್ರಣ ಪುಟ್ಟಿಯಂತೆ ಕುಗ್ಗುವುದಿಲ್ಲ, ಆದರೆ ಬಿಟ್ಟಷ್ಟೂ ಗಟ್ಟಿಯಾಗಿ ಪ್ಲಾಸ್ಟಿಕ್ಕನ್ನೇ ಮೀರಿಸುವುದರಿಂದ ಅದೇ ಹೊತ್ತಿನಲ್ಲಿ ಉಜ್ಜಿ ಮುಗಿಸಬೇಕು. ಚಪ್ಪಟೆ ಭಾಗಗಳನ್ನು ಉಜ್ಜಲು ಪಾಲಿಶ್ ಮಾಡಿದ ಶಹಾಬಾದ್ ಫರಸಿಯ ತುಂಡೊಂದಕ್ಕೆ ಎಮರಿ ಕಾಗದ ಅಂಟಿಸಿಕೊಂಡಿದ್ದೇನೆ. ನಮ್ಮಲ್ಲಿ ಅಗ್ಗವಾಗಿ ಸಿಗುವ ಇಷ್ಟು ಸಮತಲದ ಉಪಕರಣ ಮತ್ತೊಂದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು, ಫಲವನ್ನೂ ಕೊಟ್ಟದ್ದು, ದಪ್ಪದ ಕೆಲಸ. ಹಳೆಯ ಅಚ್ಚಿನಲ್ಲಿ ಟ್ರ್ಯಾಕ್‌ನ ಮೇಲ್ಭಾಗವನ್ನು ಮರೆಮಾಡುವ ಬದಿಯ ಸ್ಕರ್ಟ್ ಫಲಕಗಳು ಸುಮಾರು ಒಂದು ಮಿಲಿಮೀಟರ್ ದಪ್ಪವಿದ್ದವು. 35ರಿಂದ ಗುಣಿಸಿದರೆ ಅದು ಮೂರೂವರೆ ಸೆಂಟಿಮೀಟರ್ ದಪ್ಪದ ಉಕ್ಕು. ಸೆಂಚೂರಿಯನ್‌ನ ಹಲ್ ಬದಿಯ ಕವಚವೇ 51 ಮಿಲಿಮೀಟರ್ ಇರುವಾಗ ಅದರ ಹೊರಗೆ ತೂಗುವ ತೆಳು ಫಲಕಕ್ಕೆ ಇದು ಹೊಂದುವ ಮಾತಲ್ಲ. ಟರೆಟ್‌ನ ಎರಡೂ ಬದಿಗಿರುವ ಸಾಮಾನು ಪೆಟ್ಟಿಗೆಗಳದೂ ಇದೇ ಕಥೆ, ಅವು ನಿಜದಲ್ಲಿ ಬರಿಯ ತಗಡು. ಹೊಸ ಹಿಡಿಕೆ, ಹೊಸ ಬೋಲ್ಟುಗಳನ್ನು ಎಷ್ಟು ಸೇರಿಸಿದರೂ ಅಂಚುಗಳು ದಪ್ಪಗಿರುವವರೆಗೆ ಕಣ್ಣು ಮೋಸಹೋಗುವುದಿಲ್ಲ. ಇದಕ್ಕೆ ಪರಿಹಾರ ಸಿಕ್ಕಿದ್ದು ಆಫ್‌ಸೆಟ್ ಮುದ್ರಣಾಲಯದಲ್ಲಿ: ಬಳಸಿ ಬಿಸಾಡುವ ಅಲ್ಯೂಮಿನಿಯಂ ಪ್ಲೇಟು. 0.2 ಮಿಲಿಮೀಟರ್ ದಪ್ಪದ ಪ್ಲೇಟು ನಮ್ಮ ಪ್ರಮಾಣದಲ್ಲಿ ಏಳು ಮಿಲಿಮೀಟರ್ ಆಗುತ್ತದೆ, ಸ್ಕರ್ಟ್‌ಗೆ ಅದು ಒಪ್ಪುತ್ತದೆ. ಕತ್ತರಿಯಿಂದ ಕತ್ತರಿಸಿದರೆ ಸುರುಳಿ ಸುತ್ತಿಕೊಳ್ಳುವುದರಿಂದ ಉಕ್ಕಿನ ಸ್ಕೇಲ್ ಇಟ್ಟು ಗೀರಿ, ಹಿಂದೆ ಮುಂದೆ ಬಾಗಿಸಿ ಮುರಿಯಬೇಕು. ಪೆಟ್ಟಿಗೆಗಳಿಗೆ ಮಡಿಕೆ ಬೇಕಾಗಿರುವುದರಿಂದ ಲೋಹವನ್ನು ಮೆದುಗೊಳಿಸಬೇಕು. ಅಲ್ಯೂಮಿನಿಯಂ ಕರಗುವ ಮುನ್ನ ಕೆಂಪಾಗಿ ಎಚ್ಚರಿಸುವುದಿಲ್ಲ. ಆದ್ದರಿಂದ ಮೇಲೆ ಸಾಬೂನು ಸವರಿ ಗ್ಯಾಸ್ ಒಲೆಯ ಉರಿಯ ಮೇಲೆ ಆಡಿಸುತ್ತ, ಸಾಬೂನು ಕಪ್ಪಾದೊಡನೆ ತೆಗೆದೆ. ಹಾಗೆ ಮೆದುವಾದ ತಗಡನ್ನು ಮರದ ಅಚ್ಚಿನ ಸುತ್ತ ಮಡಿಚಿ ಪೆಟ್ಟಿಗೆ ಮಾಡಿದೆ. ಬೆರಳಿನಿಂದ ಒತ್ತಿದರೆ ಅದು ನಿಜವಾದ ಪೆಟ್ಟಿಗೆಯಂತೆಯೇ ನಗ್ಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಆ ನಗ್ಗನ್ನು ಕೆತ್ತಿ ತೋರಿಸುವುದು ಕಷ್ಟ.

ತೋಪಿನ ನಳಿಗೆ ಕಿಟ್‌ನಲ್ಲಿ ಎರಡು ಹೋಳಾಗಿ ಬಂದಿತ್ತು. ಹೋಳುಗಳ ಕೂಡುಗೆರೆಯನ್ನು ಉಜ್ಜಿದಷ್ಟೂ ಸುತ್ತಿನ ಗುಂಡು ಹೋಗಿ ಅಂಡಾಕಾರ ಬರುತ್ತದೆ. ಪರಿಚಯದ ಲೇತ್ ಕೆಲಸಗಾರರೊಬ್ಬರಿಂದ ಅಲ್ಯೂಮಿನಿಯಂ ಸರಳಿನಲ್ಲಿ ಕಡೆಸಿಕೊಂಡೆ. ಇಷ್ಟು ಸಣ್ಣ, ಉದ್ದ ಸರಳು ಉಳಿಯ ಒತ್ತಡಕ್ಕೆ ಬಾಗುತ್ತದೆಯಾದ್ದರಿಂದ ಅವರು ಕೊನೆಯನ್ನು ಲೇತ್‌ನ ಇನ್ನೊಂದು ತುದಿಯ ಆಸರೆಯಾದ ಟೇಲ್‌ಸ್ಟಾಕ್‌ಗೆ ಆನಿಸಿ, ಇಳಿಜಾರನ್ನು ಅರದಿಂದ ಮತ್ತು ಎಮರಿಯಿಂದ ಮುಗಿಸಿದರು. ಬಾಯಿಯ ತೂತು 2.4 ಮಿಲಿಮೀಟರ್. ಹಿಡಿಕೆಗಳಿಗೆ ವೈಂಡಿಂಗ್ ತಾಮ್ರದ ತಂತಿ ಹಾಕಿದೆ. ದೀಪಗಳನ್ನು ಕೊರೆದು ಟೊಳ್ಳು ಮಾಡಿದೆ.

ಬಣ್ಣದ ವಿಷಯದಲ್ಲಿ ನಮ್ಮ ಊರಿನ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಉಷ್ಣಾಂಶ ನಲವತ್ತು ಡಿಗ್ರಿ ದಾಟಿದಾಗ ಏರ್‌ಬ್ರಶ್‌ನಿಂದ ಹೊರಟ ಹನಿ ಮಾಡೆಲ್ ಮುಟ್ಟುವ ಮೊದಲೇ ಅರೆ ಒಣಗಿ ಮರಳು ಮರಳಾಗಿ ಕೂರುತ್ತದೆ, ನುಣುಪಾಗಿ ಉಳಿಸಿಕೊಂಡ ಫಲಕಗಳೂ ಎರಕದಂತೆ ಕಾಣತೊಡಗುತ್ತವೆ. ಬೆಳಗಿನ ಜಾವ, ನಿಧಾನವಾಗಿ ಆರುವ ಥಿನ್ನರ್ ಹೆಚ್ಚು ಬೆರೆಸಿ, ಹತ್ತಿರದಿಂದ ಹೊಡೆದೆ. ಅಲ್ಯೂಮಿನಿಯಂಗೆ ಮೊದಲು ಲೋಹದ ಪ್ರೈಮರ್ ಬೇಕು, ಇಲ್ಲವಾದರೆ ಉಗುರು ತಾಗಿದರೂ ಬಣ್ಣ ಎದ್ದುಬರುತ್ತದೆ. ಧೂಳಿಗೆ ಮನೆಯ ಹಿಂದಿನ ಎರೆಮಣ್ಣನ್ನು ಜರಡಿ ಹಿಡಿದು ಬಳಸುವ ಆಸೆ ಸಹಜ, ಆದರೆ ಅಸಲ್ ಉತ್ತರ್ ಪಂಜಾಬಿನ ಮೆಕ್ಕಲು ಬಯಲು, ಅಲ್ಲಿಗೆ ತಿಳಿ ಕಂದು ಬಣ್ಣವೇ ಸರಿ. ಆ ಕಾಳಗದಲ್ಲಿ ಹೊಲಗಳಿಗೆ ನೀರು ನುಗ್ಗಿಸಲಾಗಿತ್ತು ಎಂಬುದನ್ನು ನೆನಪಿಟ್ಟು ಕೆಳಗಿನ ಚಕ್ರಗಳಿಗೆ ಹಸಿ ಕೆಸರನ್ನೂ ಹಚ್ಚಿದ್ದೇನೆ.

ಕೆಲವನ್ನು ಬೇಕೆಂದೇ ಬಿಟ್ಟೆ. ಟ್ರ್ಯಾಕ್ ಕಿಟ್‌ನ ವಿನೈಲ್ ಪಟ್ಟಿಯೇ. ಮೇಲಿನ ಓಟ ಸ್ಕರ್ಟ್‌ನ ಹಿಂದೆ ಅಡಗುವುದರಿಂದ ಅದರ ಜೋತುವಿಕೆಯನ್ನು ತಿದ್ದಲು ಹೋಗಲಿಲ್ಲ, ಅಗಲ 17.4ಕ್ಕೆ ಹತ್ತಿರವಿದ್ದದ್ದರಿಂದ ಬೇರೆ ತರಿಸುವ ಅಗತ್ಯವೂ ಕಾಣಲಿಲ್ಲ. ಚಕ್ರಗಳ ಒಳಬದಿ ಟೊಳ್ಳಾಗಿಯೇ ಉಳಿದಿದೆ, ಮಾಡೆಲನ್ನು ಎತ್ತಿ ತಿರುವಿ ನೋಡುವವರಿಗೆ ಅದು ಈಗಲೂ ಕಾಣುತ್ತದೆ.